ಹಳೆಯ ಫೋಟೋದಲ್ಲಿರುವ ಫ್ರೆಂಚ್ ಸ್ಪೋರ್ಟ್ಸ್ ಕಾರು ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಸಣ್ಣ ಸಣ್ಣ ಕಾರ್ಖಾನೆಗಳು 1920ರಿಂದ 1960ರ ದಶಕದವರೆಗೆ ಕಟ್ಟಿದ ಸ್ಪೋರ್ಟ್ಸ್ ಕಾರುಗಳೆಂದರೆ ನನಗೆ ಪ್ರಾಣ. ಇದು ಗೊತ್ತಿದ್ದವರು ಫೋಟೋ ಕಳಿಸಿ "ಇದು ಯಾವುದು?" ಎಂದು ಕೇಳುತ್ತಾರೆ. ಪತ್ರಗಳಲ್ಲಿ, ಮಾತಿನ ನಡುವೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಮೊದಲ ಹೆಜ್ಜೆಗಳು

ಹೆಸರೇ ಕೇಳಿರದ ಇಷ್ಟೊಂದು ಫ್ರೆಂಚ್ ಕಾರುಗಳು ಎಲ್ಲಿಂದ ಬಂದವು?

ಒಂದು ತೆರಿಗೆ ನಿಯಮದಿಂದ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಫ್ರಾನ್ಸ್ ಸರ್ಕಾರ 'ಸೈಕಲ್‌ಕಾರ್' ಎಂಬ ಹೊಸ ವರ್ಗ ಮಾಡಿತು. ತೂಕ 350 ಕಿಲೋ ಮೀರಬಾರದು, ಎಂಜಿನ್ 1100 ಸಿಸಿ ದಾಟಬಾರದು, ಇಬ್ಬರಿಗಿಂತ ಹೆಚ್ಚು ಜನ ಕೂರುವಂತಿರಬಾರದು. ಇಷ್ಟಿದ್ದರೆ ವರ್ಷದ ತೆರಿಗೆ ಬರೀ 100 ಫ್ರಾಂಕ್. ಪ್ಯಾರಿಸ್ ಸುತ್ತಲಿನ ಲೆವಾಲ್ವಾ, ಕೂರ್ಬೆವ್ವಾ, ಆನಿಯೇರ್, ಕೊಲೋಂಬ್‌ಗಳಲ್ಲಿ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್‌ಗಳಿಗೆ ಇದು ಬಾಗಿಲು ತೆರೆದಂತಾಯಿತು. ಎಂಜಿನ್ ಒಬ್ಬರಿಂದ, ರೇಡಿಯೇಟರ್ ಇನ್ನೊಬ್ಬರಿಂದ, ಗೇರ್‌ಬಾಕ್ಸ್ ಮತ್ತೊಬ್ಬರಿಂದ ಕೊಂಡು ತಂದು, ಚಾಸಿ ತಾವೇ ಕಟ್ಟಿ, ಮೂಗಿನ ಮೇಲೆ ತಮ್ಮ ಹೆಸರಿನ ಬಿಲ್ಲೆ ಹೊಡೆದರು. ಕೆಲವರು ಸಾವಿರಗಟ್ಟಲೆ ಮಾರಿದರು, ಕೆಲವರದು ಕೈಬೆರಳಲ್ಲಿ ಎಣಿಸುವಷ್ಟು. ದೊಡ್ಡ ಕಂಪನಿಗಳ ನಾಲ್ಕು ಸೀಟಿನ ಕಾರುಗಳು ಅಗ್ಗವಾದಾಗ ಮತ್ತು 1930ರ ಸುಮಾರಿಗೆ ಆರ್ಥಿಕ ಕುಸಿತ ಬಂದಾಗ ಇವರಲ್ಲಿ ಬಹುಪಾಲು ಜನ ಅಂಗಡಿ ಮುಚ್ಚಿದರು. ಕಾರು ಹೋಯಿತು, ಫೋಟೋ ಉಳಿಯಿತು.

ಫೋಟೋ ಕೈಗೆ ಬಂದ ತಕ್ಷಣ ನೀವು ಮೊದಲು ಏನು ನೋಡುತ್ತೀರಿ?

ಬಿಲ್ಲೆಯನ್ನಲ್ಲ. ಬಿಲ್ಲೆ ಬದಲಾಗುತ್ತದೆ, ಹೆಡ್‌ಲೈಟ್ ಬದಲಾಗುತ್ತದೆ, ಮಡ್‌ಗಾರ್ಡ್ ಕಳಚಿ ಬೇರೆಯದು ಹಾಕುತ್ತಾರೆ. ಬದಲಾಯಿಸಲು ಕಷ್ಟವಾದದ್ದರಿಂದ ನಾನು ಶುರುಮಾಡುತ್ತೇನೆ. ಮುಂದಿನ ಆಕ್ಸಲ್ ಯಾವ ಆಕಾರದ್ದು, ಕಮಾನು ಪಟ್ಟಿಗಳು (ಲೀಫ್ ಸ್ಪ್ರಿಂಗ್) ಅದರ ಮೇಲೆ ಕೂತಿವೆಯೋ, ಕೆಳಗೆ ತೂಗಿವೆಯೋ? ಆಕ್ಸಲ್ಲಿಗೆ ಹೋಲಿಸಿದರೆ ರೇಡಿಯೇಟರ್ ಮುಂದಿದೆಯೋ, ಹಿಂದಿದೆಯೋ? ಮುಂದಿನ ಚಕ್ರಗಳಿಗೆ ಬ್ರೇಕ್ ಡ್ರಮ್ ಇದೆಯೋ? ಚಕ್ರ ಕಡ್ಡಿಯದೋ, ತಗಡಿನದೋ? ಆಮೇಲೆ ರೇಡಿಯೇಟರಿನ ಹೊರ ಅಂಚು, ಬಾನೆಟ್ಟಿನ ಗಾಳಿ ಸೀಳುಗಳ ಸಾಲು, ಬಾಗಿಲಿನ ಕೀಲು. ಬಿಲ್ಲೆ ಎಲ್ಲಕ್ಕಿಂತ ಕೊನೆಗೆ.

ಇನ್ನೊಂದು ಅಭ್ಯಾಸವೂ ಉಪಯೋಗಕ್ಕೆ ಬರುತ್ತದೆ. ಚಕ್ರದ ಎತ್ತರವನ್ನು ಅಳತೆಗೋಲು ಮಾಡಿಕೊಂಡು, ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎಷ್ಟು ಚಕ್ರದಷ್ಟು ದೂರವಿದೆ ಎಂದು ಎಣಿಸಿ. ಪಕ್ಕದಿಂದ ತೆಗೆದ ಫೋಟೋ ಆದರೆ ಅದು ಸೈಕಲ್‌ಕಾರೋ ದೊಡ್ಡ ಕಾರೋ ಎಂಬುದು ಅಲ್ಲೇ ತಿಳಿಯುತ್ತದೆ.

ಸಣ್ಣ ಕಾರು, ಚೂಪು ಬಾಲ, ಮುಂದೆ ದುಂಡನೆ ರೇಡಿಯೇಟರ್. ಬುಗಾಟಿ ತಾನೇ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಹೆಚ್ಚಿನ ಸಲ ಉತ್ತರ 'ಅಲ್ಲ'. ಚೂಪು ಬಾಲ ಆ ಕಾಲದಲ್ಲಿ ಎಲ್ಲರದ್ದೂ. ಬುಗಾಟಿಯನ್ನು ಮುಂದಿನ ಆಕ್ಸಲ್‌ನಲ್ಲಿ ಹಿಡಿಯಬೇಕು: ಮಿರುಗುವ ದುಂಡನೆಯ ಆಕ್ಸಲ್, ಅದರಲ್ಲಿ ಕೊರೆದ ಕಿಂಡಿಯ ಮೂಲಕ ಕಮಾನು ಪಟ್ಟಿ ತೂರಿ ಹೋಗಿರುತ್ತದೆ. ಮೋಲ್ಸೈಮ್ ಊರಿನ ಆ ಕಾರ್ಖಾನೆಯ ಕೆಲಸವನ್ನು ಸಣ್ಣ ಶೆಡ್ಡಿನವರು ಅನುಕರಿಸುವುದು ಸುಲಭವಿರಲಿಲ್ಲ. 1924ರಲ್ಲಿ ಬಂದ ಟೈಪ್ 35 ಆದರೆ ಎಂಟು ಚಪ್ಪಟೆ ಕಡ್ಡಿಗಳ ಎರಕದ ಅಲ್ಯೂಮಿನಿಯಂ ಚಕ್ರವೂ ಕಾಣುತ್ತದೆ. ಇನ್ನು ಲಾಳದ ಆಕಾರದ ರೇಡಿಯೇಟರ್ ಇಲ್ಲದಿದ್ದರೂ ಬುಗಾಟಿ ಆಗಿರಬಹುದು. ಅದಕ್ಕಿಂತ ಹಿಂದಿನ ಬ್ರೆಸಿಯಾ ಮಾದರಿಗಳ ರೇಡಿಯೇಟರ್ ಮೊಟ್ಟೆಯಾಕಾರದ್ದು.

ಈ ತಪ್ಪು ಎಷ್ಟು ಹಳೆಯದು ನೋಡಿ. 1927ರ ಸೆಪ್ಟೆಂಬರ್ 14ರ ರಾತ್ರಿ ನೀಸ್ ನಗರದಲ್ಲಿ ನರ್ತಕಿ ಇಸಡೋರಾ ಡಂಕನ್ ಅವರ ಉದ್ದನೆಯ ಶಾಲು ಕಾರಿನ ಚಕ್ರಕ್ಕೆ ಸುತ್ತಿಕೊಂಡು ಅವರು ತೀರಿಕೊಂಡರು. ಆ ಕಾರು ಬುಗಾಟಿ ಎಂದು ಇವತ್ತಿಗೂ ಬರೆಯುತ್ತಾರೆ. ಅದು ಅಮಿಲ್ಕಾರ್ ಸಿಜಿಎಸ್‌ಎಸ್. ದೊಡ್ಡ ಹೆಸರು ಚಿಕ್ಕ ಹೆಸರನ್ನು ನುಂಗುವುದು ಹೀಗೆ. ನನಗೆ ಇದು ಬರೀ ಮಾಹಿತಿಯ ತಪ್ಪು ಅನಿಸುವುದಿಲ್ಲ. ಸೇಂಟ್-ಡೆನಿಯ ಕಾರ್ಖಾನೆಯಲ್ಲಿ ಆ ಕಾರನ್ನು ಕಟ್ಟಿದವರ ಕೆಲಸವನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದಂತೆ.

ಗೂಗಲ್‌ಗೆ ಫೋಟೋ ಹಾಕಿದರೆ ಹೇಳಿಬಿಡುತ್ತಲ್ಲ, ಇಷ್ಟೆಲ್ಲ ಯಾಕೆ?

ಹಾಕಿ, ತಪ್ಪಿಲ್ಲ. ಅದೇ ಫೋಟೋ ಬೇರೆಲ್ಲಾದರೂ ಇದ್ದರೆ, ಇನ್ನೂ ದೊಡ್ಡದಾಗಿ, ಹೆಸರಿನ ಸಮೇತ ಸಿಗಬಹುದು. ಅದು ದೊಡ್ಡ ಲಾಭ. ಆದರೆ ನಿಮ್ಮ ಮನೆಯ ಆಲ್ಬಮ್ಮಿನ ಫೋಟೋ ಬೇರೆಲ್ಲೂ ಇಲ್ಲದಿದ್ದಾಗ, ಹುಡುಕಾಟ ತನಗೆ ಹೆಚ್ಚು ಗೊತ್ತಿರುವುದನ್ನೇ ತೋರಿಸುತ್ತದೆ. ಬುಗಾಟಿಯ ಫೋಟೋಗಳು ಲಕ್ಷಗಟ್ಟಲೆ ಇವೆ, ಸೆನೆಶಾಲ್ ಎಂಬ ಸಣ್ಣ ಫ್ರೆಂಚ್ ಕಾರಿನದು ಕೆಲವೇ. ಸೆನೆಶಾಲ್ ಹಾಕಿದರೆ ಬುಗಾಟಿ ಬರುವುದು ಅದಕ್ಕೇ. ಬಂದ ಉತ್ತರವನ್ನು ಊಹೆಯೆಂದು ಇಟ್ಟುಕೊಂಡು, ಆಕ್ಸಲ್, ಚಕ್ರ, ರೇಡಿಯೇಟರ್ ಒಂದೊಂದನ್ನೂ ಹೋಲಿಸಿ.

ನಮ್ಮಲ್ಲಿರುವುದು ಬೆಂಕಿಪೊಟ್ಟಣದಷ್ಟು ಚಿಕ್ಕ ಫೋಟೋ. ಹೇಗೆ ಕಳಿಸಲಿ?

ಆಲ್ಬಮ್ಮಿನಿಂದ ಕೀಳಬೇಡಿ, ಹರಿದೀತು. ಸ್ಕ್ಯಾನರ್ ಇದ್ದರೆ 600 ಡಿಪಿಐ ಇಟ್ಟು ಸ್ಕ್ಯಾನ್ ಮಾಡಿ, ಇಲ್ಲದಿದ್ದರೆ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಷ್ ಹಾಕದೆ ಮೊಬೈಲಿನಲ್ಲಿ ತೆಗೆಯಿರಿ. ಕಾರಿನ ಸುತ್ತ ಇರುವುದನ್ನು ಕತ್ತರಿಸಬೇಡಿ; ಹಿಂದಿನ ಗೋಡೆ, ಅಂಗಡಿ ಬೋರ್ಡು, ಜನರ ಉಡುಪು ಎಲ್ಲವೂ ಬೇಕು. ಫೋಟೋದ ಹಿಂಬದಿಯದೂ ಒಂದು ಪ್ರತಿ ಕಳಿಸಿ. ಸ್ಟುಡಿಯೋ ಮುದ್ರೆ, ಪೆನ್ಸಿಲಿನಲ್ಲಿ ಗೀಚಿದ ಇಸವಿ, ಅರ್ಧ ಅಳಿಸಿದ ಊರಿನ ಹೆಸರು ಕಾರಿಗಿಂತ ಹೆಚ್ಚು ಹೇಳಿದ್ದುಂಟು. ಮೊಬೈಲಿನಲ್ಲಿ 'ಸ್ಪಷ್ಟಗೊಳಿಸುವ' ಆ್ಯಪ್ ಮಾತ್ರ ಬಳಸಬೇಡಿ. ಅದು ಇಲ್ಲದ ಕಡ್ಡಿ, ಇಲ್ಲದ ಅಕ್ಷರ ತಾನೇ ಬರೆದು ಸೇರಿಸುತ್ತದೆ.

## ಎರಡು ಯುದ್ಧಗಳ ನಡುವೆ

ಅಮಿಲ್ಕಾರ್‌ಗೂ ಸಾಲ್ಮಸನ್‌ಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ!

ಎರಡೂ ಒಂದೇ ಗಾತ್ರ, ಒಂದೇ ಕಾಲ, ಒಂದೇ ಗಿರಾಕಿ. ಎರಡರಲ್ಲೂ ಚೂಪು ಬಾಲ. ಎರಡರಲ್ಲೂ ಪಕ್ಕದವರ ಸೀಟನ್ನು ಚಾಲಕನ ಸೀಟಿಗಿಂತ ಸ್ವಲ್ಪ ಹಿಂದಕ್ಕೆ ಇಟ್ಟಿರುತ್ತಾರೆ. ಬಾಡಿ ಅಷ್ಟು ಇಕ್ಕಟ್ಟು, ಇಬ್ಬರ ಭುಜ ಒಂದೇ ಸಾಲಿನಲ್ಲಿ ಹಿಡಿಸುವುದಿಲ್ಲ.

ಮುಂದಿನಿಂದ ತೆಗೆದ ಫೋಟೋ ಆದರೆ ಕೆಲಸ ಸುಲಭ. ಸಾಲ್ಮಸನ್ ಗ್ರಾನ್ ಸ್ಪೋರ್ ಕಾರಿನ ರೇಡಿಯೇಟರ್ ಮೇಲೆ ಮೂಲೆಯಿಂದ ಮೂಲೆಗೆ ದೊಡ್ಡ ಓರೆ ಶಿಲುಬೆ ಇರುತ್ತದೆ, ಗುಣಾಕಾರದ ಗುರುತಿನ ಹಾಗೆ. ಅಮಿಲ್ಕಾರ್‌ನದು ಖಾಲಿ ಜಾಲರಿ. ಬಿಲ್ಲೆಯಲ್ಲಿ ರೆಕ್ಕೆಯ ಕುದುರೆ.

ಬಾನೆಟ್ ತೆರೆದಿದ್ದರೆ ಇನ್ನೂ ಖಚಿತ. ಸಾಲ್ಮಸನ್ ವಿಮಾನದ ಎಂಜಿನ್ ಮಾಡುತ್ತಿದ್ದ ಕಂಪನಿ. ಯುದ್ಧ ಮುಗಿದು ಆ ಬೇಡಿಕೆ ನಿಂತಾಗ, ಮೊದಲು ಇಂಗ್ಲೆಂಡಿನ ಜಿಎನ್ ಸೈಕಲ್‌ಕಾರನ್ನು ಲೈಸೆನ್ಸ್ ಪಡೆದು ಕಟ್ಟಿತು, ಆಮೇಲೆ ಎಮಿಲ್ ಪೆತಿ ಎಂಬ ಎಂಜಿನಿಯರ್ ಕೈಯಲ್ಲಿ ಸ್ವಂತ ಎಂಜಿನ್ ಮಾಡಿಸಿತು. ಅವರ ಎರಡು ಕ್ಯಾಮ್‌ಶಾಫ್ಟಿನ ಎಂಜಿನ್ನಿನ ತಲೆ ಎತ್ತರ, ಮೇಲೆ ಎರಡು ಉದ್ದನೆ ಮುಚ್ಚಳ. ಅಮಿಲ್ಕಾರ್ ಸಿಜಿಎಸ್‌ನದು 1074 ಸಿಸಿಯ ಸೈಡ್ ವಾಲ್ವ್ ಎಂಜಿನ್, ತಲೆ ಚಪ್ಪಟೆ. 1926ರ ಅಮಿಲ್ಕಾರ್ ಸಿ6 ಇದಕ್ಕೆ ಹೊರತು: ಆರು ಸಿಲಿಂಡರ್, ಎರಡು ಕ್ಯಾಮ್‌ಶಾಫ್ಟ್, ಸೂಪರ್‌ಚಾರ್ಜರ್, ಬಾನೆಟ್ಟೂ ಉದ್ದ.

ಅಮಿಲ್ಕಾರ್ ಒಳಗೇ ಮಾದರಿ ಬೇರ್ಪಡಿಸಲು ಬ್ರೇಕ್ ನೋಡಿ. 1921ರಲ್ಲಿ ಶುರುವಾದ, 'ಸಿಸಿ' ಎಂಬ ಹೆಸರಿನ ಮಾದರಿಗೆ ಮುಂದಿನ ಬ್ರೇಕ್ ಇಲ್ಲ, ಸಿಜಿಎಸ್‌ಗೆ ಇದೆ. ಸಿಜಿಎಸ್‌ಎಸ್‌ನ ಕೊನೆಯ ಎಸ್ ಎಂದರೆ 'ಸುರ್ಬೆಸೆ', ತಗ್ಗಿಸಿದ್ದು. ಕಾರು ನೆಲಕ್ಕೆ ಇನ್ನಷ್ಟು ಹತ್ತಿರ. ಇವತ್ತಿನ ರಸ್ತೆಗೆಂದು ಹಳೆಯ ಸಿಸಿಗಳಿಗೆ ಮುಂದಿನ ಬ್ರೇಕ್ ಕೂರಿಸಿದವರಿದ್ದಾರೆ. ಹಾಗಾಗಿ ಈ ಸೂತ್ರ ಹಳೆಯ ಫೋಟೋಗಳಿಗೆ ಮಾತ್ರ.

ಬಾನೆಟ್ ತೆರೆದಿದೆ, ಎಂಜಿನ್ ಮೇಲೆ 'ರೂಬಿ' ಎಂದು ಬರೆದಿದೆ. ಕಾರಿನ ಹೆಸರು ರೂಬಿಯೇ?

ಅಲ್ಲ, ಅದು ಎಂಜಿನ್ ಮಾಡಿದವರ ಹೆಸರು. ರೂಬಿ, ಸ್ಕಾಪ್, ಸೀಮ್, ಬೆಜಾನ್ಸೋನಿನ ಶಾಪ್ವಿ-ದೋರ್ನಿಯೆ ಇವರೆಲ್ಲ ಎಂಜಿನ್ ಮಾಡಿ ಹತ್ತಾರು ಕಾರು ಕಟ್ಟುವವರಿಗೆ ಮಾರುತ್ತಿದ್ದವರು. ಲೆವಾಲ್ವಾದ ಬಿಎನ್‌ಸಿಯಲ್ಲಿ ರೂಬಿಯೂ ಇರುತ್ತಿತ್ತು, ಸ್ಕಾಪ್ ಕೂಡ ಇರುತ್ತಿತ್ತು. ಕೊಲೋಂಬಿನ ರಾಲಿ ಕಾರುಗಳಲ್ಲಿ ಬೇರೆ ಬೇರೆ ವರ್ಷ ಬೇರೆ ಬೇರೆ ಎಂಜಿನ್. ಕೆಲವದರಲ್ಲಿ ಸಾಲ್ಮಸನ್‌ನದೇ ಎಂಜಿನ್ ಇದೆ. ಎಂಜಿನ್ ಹೆಸರು ಪಟ್ಟಿಯನ್ನು ಚಿಕ್ಕದು ಮಾಡುತ್ತದೆ, ತೀರ್ಮಾನ ಕೊಡುವುದಿಲ್ಲ. ಇಂಥ ಕಡೆ ನಾನು ಚಾಸಿಗೆ ಮರಳುತ್ತೇನೆ. ಉದಾಹರಣೆಗೆ ಬಿಎನ್‌ಸಿಯ ಮೋಂಲೇರಿ ಮಾದರಿಯ ರೇಡಿಯೇಟರ್ ನೆಟ್ಟಗೆ ನಿಂತಿರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಪಕ್ಕದ ನೋಟದಲ್ಲಿ ಅದೊಂದೇ ಸಾಕು.

ಮೂರು ಚಕ್ರದ್ದು, ಎರಡು ಮುಂದೆ ಒಂದು ಹಿಂದೆ. ಇದು ಇಂಗ್ಲಿಷ್ ಮೋರ್ಗನ್ ಅಲ್ಲವೇ?

ಇರಬಹುದು. ಆದರೆ ಫ್ರಾನ್ಸಿನಲ್ಲಿ ತೆಗೆದ ಫೋಟೋ ಆದರೆ ಮೂರು ಹೆಸರು ಮೊದಲು ಪರೀಕ್ಷಿಸಿ. ಎರಡು ಸಿಲಿಂಡರಿನ ವಿ ಎಂಜಿನ್ ಮೂಗಿನ ಮುಂದೆ ಬಯಲಿನಲ್ಲಿದ್ದರೆ ಕೂರ್ಬೆವ್ವಾದ ದಾರ್ಮೋಂ ಆಗಿರಬಹುದು. ಅವರು ಮೋರ್ಗನ್ ಲೈಸೆನ್ಸ್ ಪಡೆದೇ ಕಟ್ಟುತ್ತಿದ್ದರು, ಮೋರ್ಗನ್ನಿನಿಂದ ಬೇರ್ಪಡಿಸಲು ನಂಬರ್ ಪ್ಲೇಟು, ಬಿಲ್ಲೆ ಬೇಕೇ ಬೇಕು. ಮುಂದೆ ಸರಿಯಾದ ರೇಡಿಯೇಟರ್, ಒಳಗೆ ನಾಲ್ಕು ಸಿಲಿಂಡರ್ ಇದ್ದರೆ ಪ್ಯಾರಿಸ್ಸಿನ ಸ್ಯಾಂಡ್‌ಫರ್ಡ್ ಅಥವಾ ಆನಿಯೇರಿನ ದಿರ್ಸಾಂ. ದಿರ್ಸಾಂನಲ್ಲಿ ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಡ್ಡಲಾಗಿ ಕಮಾನು ಪಟ್ಟಿಗಳು ಕಾಣುತ್ತವೆ.

ಮುಂದಿನ ಚಕ್ರಗಳ ನಡುವೆ ಆಕ್ಸಲ್ಲೇ ಕಾಣುತ್ತಿಲ್ಲ, ಏನೋ ಡಬ್ಬಿ ಇದೆ. ಏನದು?

ಒಳ್ಳೆಯ ಫೋಟೋ ಸಿಕ್ಕಿದೆ ನಿಮಗೆ! ಆ ಡಬ್ಬಿಯಲ್ಲಿರುವುದು ಗೇರುಗಳು; ಎಂಜಿನ್ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತಿದೆ. 1920ರ ದಶಕದ ಫ್ರೆಂಚ್ ಸ್ಪೋರ್ಟ್ಸ್ ಕಾರಿನಲ್ಲಿ ಹಾಗಿದ್ದರೆ ಮೊದಲು ನೆನಪಾಗಬೇಕಾದದ್ದು ತ್ರಾಕ್ತಾ. ಜಾನ್-ಆಲ್ಬೇರ್ ಗ್ರೆಗ್ವಾರ್ ಮತ್ತು ಪಿಯೇರ್ ಫೆನಾಯ್ ಸೇರಿ ಕಟ್ಟಿದ ಕಾರು. ತಿರುಗುವ ಚಕ್ರಕ್ಕೇ ಶಕ್ತಿ ತಲುಪಿಸಲು ಒಂದು ವಿಶೇಷ ಕೀಲು ಬೇಕಿತ್ತು. ಅವರು ಕಂಡುಹಿಡಿದ ತ್ರಾಕ್ತಾ ಜಾಯಿಂಟ್ ಮುಂದೆ ಎರಡನೇ ಮಹಾಯುದ್ಧದ ಸೇನಾ ವಾಹನಗಳಲ್ಲೂ ಬಳಕೆಯಾಯಿತು. 1927ರಲ್ಲಿ ಗ್ರೆಗ್ವಾರ್ ಸ್ವತಃ ಲೆ ಮಾನ್ 24 ಗಂಟೆ ಸ್ಪರ್ಧೆಯಲ್ಲಿ ಇದನ್ನು ಓಡಿಸಿ ಮುಗಿಸಿದರು. ಕೆಳಗೆ ಉದ್ದನೆಯ ಶಾಫ್ಟ್ ಇಲ್ಲದ್ದರಿಂದ ಕಾರು ಬಹಳ ತಗ್ಗು. ನಿಂತವರ ಮೊಣಕಾಲಿಗೆ ಹೋಲಿಸಿ ನೋಡಿದರೆ ಆಶ್ಚರ್ಯವಾಗುತ್ತದೆ.

ಹಾಗೆಯೇ 1935ರ ನಂತರದ ಮುದ್ದಾದ ಎರಡು ಸೀಟಿನ ರೋಡ್‌ಸ್ಟರ್ ಆದರೆ ಜಾರ್ಜ್ ಇರಾ ನೋಡಿ. ಅದೂ ಮುಂದಿನ ಚಕ್ರದಿಂದ ಎಳೆಯುವುದೇ.

ಬಾನೆಟ್ ಮೇಲೆ ಕೊಕ್ಕರೆ ಇದೆ. ಹಿಸ್ಪಾನೊ-ಸುಯಿಜಾ ಅಲ್ಲವೇ?

ರೇಡಿಯೇಟರ್ ಮುಚ್ಚಳದ ಮೇಲೆ ಹಾರುವ ಕೊಕ್ಕರೆಯ ಪುಟ್ಟ ವಿಗ್ರಹವಿದ್ದರೆ ಹೌದು, ಅದೇ ಇರಬೇಕು. ಬಾನೆಟ್ಟಿನ ಪಕ್ಕದ ಮೈಮೇಲೆ ದೊಡ್ಡದಾಗಿ ಕೊಕ್ಕರೆ ಇದ್ದರೆ ಅದು ಬುಚಿಯಾಲಿ, ಇದಕ್ಕಿಂತ ಎಷ್ಟೋ ಅಪರೂಪ. ಎರಡೂ ಒಂದೇ ಗೂಡಿನಿಂದ ಬಂದ ಹಕ್ಕಿ: ಮೊದಲ ಮಹಾಯುದ್ಧದಲ್ಲಿ ವಿಮಾನಯೋಧ ಜಾರ್ಜ್ ಗಿನ್‌ಮೇರ್ ಹಾರಿದ 'ಕೊಕ್ಕರೆಗಳು' ದಳದ ಲಾಂಛನ. ಹಿಸ್ಪಾನೊ ಆ ವಿಮಾನಗಳಿಗೆ ಎಂಜಿನ್ ಕೊಟ್ಟಿತ್ತು. ಪಾಲ್-ಆಲ್ಬೇರ್ ಬುಚಿಯಾಲಿ ಆ ಯುದ್ಧದಲ್ಲಿ ಪೈಲಟ್ ಆಗಿದ್ದವರು. ಬುಚಿಯಾಲಿಯ ಟಿಎವಿ ಕಾರುಗಳನ್ನು ದೈತ್ಯ ಚಕ್ರ, ನೆಲಕ್ಕೆ ತಾಗುವಂಥ ತಗ್ಗು ಮೈಯಿಂದ ದೂರದಿಂದಲೇ ಗುರುತಿಸಬಹುದು.

ಉಳಿದ ಲಾಂಛನಗಳಲ್ಲಿ ಎರಡು ಅಡ್ಡಪಟ್ಟಿಯ ಶಿಲುಬೆ ಕಂಡರೆ ಲೊರೇನ್-ದಿತ್ರಿಶ್ (1925, 1926ರ ಲೆ ಮಾನ್ ವಿಜೇತರು), ಒಂಟಿ ಕೊಂಬಿನ ಕುದುರೆ ಕಂಡರೆ ಲಾ ಲಿಕೋರ್ನ್. ವಿಗ್ರಹಗಳು ಅಂಗಡಿಯಲ್ಲಿ ಬಿಡಿಯಾಗಿಯೂ ಸಿಗುತ್ತಿದ್ದವು ಎಂಬುದು ಮರೆಯಬಾರದು.

## ಕಾರಿನಾಚೆ, ಫೋಟೋವನ್ನು ಓದುವುದು

ಸ್ಟೀರಿಂಗ್ ಬಲಗಡೆ ಇದೆ. ಹಾಗಾದರೆ ಫ್ರೆಂಚ್ ಹೇಗಾಗುತ್ತದೆ?

ನಮ್ಮ ದೇಶದಲ್ಲಿ ಬಲಗಡೆ ಸ್ಟೀರಿಂಗ್ ನೋಡಿ ಬೆಳೆದವರಿಗೆ ಅದು ಬ್ರಿಟಿಷ್ ಗುರುತು ಅನಿಸುತ್ತದೆ. ಆದರೆ ಎರಡನೇ ಮಹಾಯುದ್ಧದವರೆಗೂ ಫ್ರಾನ್ಸಿನ ಒಳ್ಳೆಯ ಕಾರುಗಳಲ್ಲಿ, ಸ್ಪೋರ್ಟ್ಸ್ ಕಾರುಗಳಲ್ಲಿ ಬಲಗಡೆ ಸ್ಟೀರಿಂಗೇ ರೂಢಿ. ಬುಗಾಟಿ, ದೆಲಾಜ್, ದೆಲಾಯೆ 135 ಎಲ್ಲ ಹಾಗೇ. ಎಡಗಡೆ ಕಂಡರೇ ಒಮ್ಮೆ ಅನುಮಾನಪಡಬೇಕು: ಫೋಟೋ ಎಡ ಬಲ ಅದಲುಬದಲಾಗಿ ಮುದ್ರಣವಾಗಿರಬಹುದು. ಗಾಜಿನ ನೆಗೆಟಿವ್ ತಿರುಗಿಸಿ ಇಟ್ಟರೆ ಹಾಗಾಗುತ್ತದೆ. ನಂಬರ್ ಪ್ಲೇಟಿನ ಅಕ್ಷರ, ಅಂಗಡಿ ಬೋರ್ಡು, ಗಂಡಸರ ಕೋಟಿನ ಗುಂಡಿ ನೋಡಿದರೆ ತಿಳಿಯುತ್ತದೆ. ಗಂಡಸರ ಕೋಟಿನಲ್ಲಿ ಎಡಮಗ್ಗುಲು ಬಲಮಗ್ಗುಲಿನ ಮೇಲೆ ಬರುತ್ತದೆ.

ನಂಬರ್ ಪ್ಲೇಟ್ ಓದಲು ಬರುತ್ತದೆ. ಅದರಿಂದ ಏನಾದರೂ ಗೊತ್ತಾಗುತ್ತದೆಯೇ?

ಬಹಳ ಗೊತ್ತಾಗುತ್ತದೆ. ಕಾರಿನ ಹೆಸರಲ್ಲ, ಕಾಲ ಮತ್ತು ಊರು. ಫ್ರಾನ್ಸಿನ ಪ್ಲೇಟುಗಳಲ್ಲಿ ಮೂರು ಕಾಲಘಟ್ಟ ಬೇಕು ನಮಗೆ. 1928ರವರೆಗೆ ಅಂಕಿಗಳು, ಒಂದೇ ಅಕ್ಷರ, ಮತ್ತೆ ಅಂಕಿ. ಆ ಅಕ್ಷರ ಗಣಿ ಇಲಾಖೆಯ ವಲಯದ್ದು. ಇ, ಜಿ, ಐ, ಯು, ಎಕ್ಸ್ ಇದ್ದರೆ ಪ್ಯಾರಿಸ್, ಎಂ ಆದರೆ ಮಾರ್ಸೇ, ಬಿ ಆದರೆ ಬೋರ್ದೋ. 1928ರಿಂದ 1950ರವರೆಗೆ ಅಂಕಿಗಳ ನಂತರ ಎರಡು ಅಕ್ಷರ, ಕೊನೆಗೊಂದು ಅಂಕಿ. ಆರ್ ಅಕ್ಷರದಿಂದ ಶುರುವಾದ ಜೋಡಿ ಹೆಚ್ಚಾಗಿ ಪ್ಯಾರಿಸ್ ಇರುವ ಸೇನ್ ಜಿಲ್ಲೆಯದು. 1950ರಿಂದ ಕೊನೆಯ ಎರಡಂಕಿ ಜಿಲ್ಲೆಯ ಸಂಖ್ಯೆ: 75 ಪ್ಯಾರಿಸ್, 06 ನೀಸ್ ಕಡೆ, 67 ಮೋಲ್ಸೈಮ್ ಇರುವ ಬಾ-ರಾಂ, 76 ಆಲ್ಪೀನ್ ಕಾರು ಹುಟ್ಟಿದ ದಿಯೆಪ್ ಕಡೆ.

ಡಬಲ್ ಡಬ್ಲ್ಯೂ ಕಂಡರೆ ಸಂತೋಷಪಡಿ. ಅದು ತಾತ್ಕಾಲಿಕ ನಂಬರು. ಕಾರು ಹೊಸದಾಗಿ ರಸ್ತೆಗಿಳಿದ ದಿನಗಳ ಫೋಟೋ ಅದು ಆಗಿರುವ ಸಾಧ್ಯತೆ ಹೆಚ್ಚು. ಪ್ಲೇಟು ಹೇಳುವುದು ನೋಂದಣಿಯ ಕಾಲವನ್ನು, ಕಾರು ಹುಟ್ಟಿದ ಕಾಲವನ್ನಲ್ಲ. 1924ರ ಕಾರಿಗೆ 1950ರ ನಂತರದ ಪ್ಲೇಟು ಇರುವುದು ಸಾಮಾನ್ಯ.

ಕಪ್ಪು ಬಿಳುಪು ಫೋಟೋದಲ್ಲಿ ಕಾರು ಬೆಳ್ಳಗೆ ಕಾಣುತ್ತದೆ. ಫ್ರೆಂಚ್ ರೇಸ್ ಕಾರು ನೀಲಿ ಇರಬೇಕಲ್ಲವೇ?

ನೀಲಿಯೇ ಇರಬಹುದು. ಆ ಕಾಲದ ಬಹುಪಾಲು ನೆಗೆಟಿವ್‌ಗಳು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದವು, ಕೆಂಪಿಗೆ ಸ್ಪಂದಿಸುತ್ತಿರಲಿಲ್ಲ. ತಿಳಿನೀಲಿ ಫ್ರೆಂಚ್ ಕಾರು ಹೆಚ್ಚುಕಡಿಮೆ ಬಿಳಿಯಾಗಿ, ಕೆಂಪು ಇಟಾಲಿಯನ್ ಕಾರು ಕಪ್ಪಾಗಿ ಬರುತ್ತದೆ. ಬಣ್ಣದ ಫೋಟೋ ಆದರೆ ಹೆಡ್‌ಲೈಟ್ ನೋಡಿ. ಹಳದಿ ದೀಪ ಇದ್ದರೆ ಫ್ರಾನ್ಸಿನಲ್ಲಿ ಓಡಿದ ಕಾರು. 1930ರ ದಶಕದ ಕೊನೆಯಲ್ಲಿ ಕಡ್ಡಾಯವಾದ ಆ ನಿಯಮ 1993ರವರೆಗೆ ಇತ್ತು.

ಕಾರಿನ ಮೇಲೆ ರೇಸ್ ನಂಬರ್ ಇದೆ, ಕೆಳಗೆ ಹೆಸರೂ ಬರೆದಿದೆ. ಹಾಗಾದರೆ ಮುಗಿಯಿತಲ್ಲ?

ಅರ್ಧ ಮುಗಿಯಿತು. ರೇಸ್ ಯಾವುದೆಂದು ಗೊತ್ತಾದರೆ ನಂಬರಿನಿಂದ ಪಟ್ಟಿಯಲ್ಲಿ ಕಾರು ಹುಡುಕಬಹುದು. ಜಾಗ ಗುರುತಿಸಲು ಹಿನ್ನೆಲೆ ಓದಿ: ಕಾಂಕ್ರೀಟಿನ ಕಡಿದಾದ ತಿರುವು ಇದ್ದರೆ 1924ರಲ್ಲಿ ತೆರೆದ ಮೋಂಲೇರಿ ಟ್ರ್ಯಾಕ್, ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಕೂಡ ಹಾಗೇ ಕಾಣುತ್ತದೆ, ಜಾಗ್ರತೆ. ಮರಗಳ ನಡುವಿನ ರಸ್ತೆ, ಎಲ್ಲವೂ 1100 ಸಿಸಿ ಕಾರುಗಳು, ಚಾಲಕರ ಮುಖದಲ್ಲಿ ಒಂದು ದಿನದ ಆಯಾಸ ಇದ್ದರೆ ಬೋಲ್ ದೋರ್. 1922ರಲ್ಲಿ ಶುರುವಾದ ಆ ಸ್ಪರ್ಧೆಯಲ್ಲಿ 24 ಗಂಟೆಯೂ ಒಬ್ಬನೇ ಓಡಿಸಬೇಕಿತ್ತು. ಆ ಕಾಲದ ರೋಲ್, ಮರಿಸ್ ಎಂಬ ಪ್ರೆಸ್ ಏಜೆನ್ಸಿಗಳ ಸಾವಿರಾರು ಫೋಟೋಗಳನ್ನು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ತನ್ನ 'ಗಾಲಿಕಾ' ತಾಣದಲ್ಲಿ ಉಚಿತವಾಗಿ ಇಟ್ಟಿದೆ. ನಾನು ಗಂಟೆಗಟ್ಟಲೆ ಅಲ್ಲೇ ಕೂತುಬಿಡುತ್ತೇನೆ.

ಅಡಿಬರಹದ ಕ್ರಮ ಹೀಗೆ: ಚಾಲಕನ ಹೆಸರು, 'ಸುರ್', ಕಾರಿನ ಹೆಸರು. 'ಸುರ್' ಎಂದರೆ 'ಮೇಲೆ'. ಈ ಪದ ಬಿಟ್ಟುಹೋದಾಗ ತಪ್ಪಾಗುತ್ತದೆ, ಯಾಕೆಂದರೆ ಹಲವು ಚಾಲಕರ ಹೆಸರೇ ಕಾರಿನ ಹೆಸರೂ ಹೌದು. 'ಲೊಂಬಾರ್, 1921' ಎಂದಿದ್ದರೆ ಅದು ಲೊಂಬಾರ್ ಕಾರಲ್ಲ. ಆ ವರ್ಷ ಲೆ ಮಾನ್‌ನಲ್ಲಿ ನಡೆದ ಸೈಕಲ್‌ಕಾರ್ ಗ್ರಾಂ ಪ್ರಿಯನ್ನು ಆಂದ್ರೆ ಲೊಂಬಾರ್ ಗೆದ್ದದ್ದು ಸಾಲ್ಮಸನ್‌ನಲ್ಲಿ. ಅವರ ಹೆಸರಿನ ಕಾರು ಬಂದದ್ದು 1927ರಲ್ಲಿ. ರೊಬೇರ್ ಸೆನೆಶಾಲ್ ತಮ್ಮ ಹೆಸರಿನ ಕಾರನ್ನೂ ಓಡಿಸಿದರು, 1926ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಲೂಯಿ ವಾಗ್ನರ್ ಜೊತೆ ಬ್ರಿಟಿಷ್ ಗ್ರಾಂ ಪ್ರಿ ಗೆದ್ದದ್ದು ಮಾತ್ರ ದೆಲಾಜ್‌ನಲ್ಲಿ.

## 1945ರ ನಂತರದವು

ಚಿಕ್ಕ ಫೈಬರ್ ಕೂಪೆ, 1950ರ ದಶಕದ್ದು. ಡಿಬಿಯೋ ಆಲ್ಪೀನೋ?

ಎಂಜಿನ್ ಎಲ್ಲಿದೆ ಎಂದು ಕೇಳಿಕೊಳ್ಳಿ. ಶಾರ್ಲ್ ಡೊಯ್ಚ್, ರೆನೆ ಬೊನ್ನೆ ಸೇರಿ ಕಟ್ಟಿದ ಡಿಬಿಯಲ್ಲಿ ಪನಾರ್ ಕಂಪನಿಯ ಎರಡು ಸಿಲಿಂಡರಿನ ಎಂಜಿನ್ ಮುಂದಿದೆ, ಎಳೆಯುವುದೂ ಮುಂದಿನ ಚಕ್ರ. ಗಾಳಿ ಬೇಕಾದದ್ದು ಮೂಗಿಗೆ. ಜಾನ್ ರೆದೆಲೆ 1955ರಲ್ಲಿ ತಂದ ಆಲ್ಪೀನ್ ಎ106ರಲ್ಲಿ ರೆನೋ 4ಸಿವಿಯ ಎಂಜಿನ್ ಹಿಂದಿದೆ, ಗಾಳಿ ಕಿಂಡಿಗಳೂ ಹಿಂದಿವೆ. ಚಕ್ರವೂ ಸಾಕ್ಷಿ ಹೇಳುತ್ತದೆ: ಪನಾರ್ ಚಕ್ರದಲ್ಲಿ ಬ್ರೇಕ್ ಡ್ರಮ್ಮೇ ನಡುಭಾಗವಾಗಿ ಕಾಣುತ್ತದೆ, ರಿಮ್ಮನ್ನು ಅದರ ಅಂಚಿಗೇ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಈ ಚಕ್ರ ಕಂಡರೆ ಡಿಬಿ, ಮೊನೊಪೋಲ್, ಸಿಡಿ ಎಲ್ಲವೂ ಪನಾರ್ ಕುಟುಂಬ. ಆಮೇಲಿನ ಆಲ್ಪೀನ್ ಎ110ಗೆ ಚಕ್ರಕ್ಕೆ ಮೂರೇ ಬೋಲ್ಟು.

ಎಂಜಿನ್ ನಡುವೆ ಇರುವಂತೆ ಕಂಡರೆ 1962ರ ರೆನೆ ಬೊನ್ನೆ ಜೆಟ್. ಆ ಕಂಪನಿ 'ಮಾತ್ರಾ' ಎಂಬ ಸಂಸ್ಥೆಯ ಕೈಗೆ ಹೋದ ಮೇಲೆ ಅದೇ ಕಾರು ಮಾತ್ರಾ ಜೆಟ್ ಆಯಿತು. 1965ರಲ್ಲಿ ಗಗನಯಾತ್ರಿ ಯೂರಿ ಗಗಾರಿನ್‌ಗೆ ಫ್ರಾನ್ಸಿನಲ್ಲಿ ಉಡುಗೊರೆಯಾಗಿ ಸಿಕ್ಕಿದ್ದು ಇದೇ.

ಆಲ್ಪೀನ್ ತರಹವೇ ಇದೆ, ಪ್ಲೇಟು ಮಾತ್ರ ಬ್ರೆಜಿಲ್‌ನದು!

ವಿಲ್ಲಿಸ್ ಇಂಟರ್‌ಲಾಗೋಸ್. ಆಲ್ಪೀನ್ ಎ108ನ್ನು 1960ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಆ ಹೆಸರಿನಲ್ಲಿ ಕಟ್ಟುತ್ತಿದ್ದರು. ಆಲ್ಪೀನ್ ಎ110 ಮೆಕ್ಸಿಕೋದಲ್ಲಿ ದಿನಾಲ್ಪಿನ್, ಬಲ್ಗೇರಿಯಾದಲ್ಲಿ ಬಲ್ಗಾರಾಲ್ಪಿನ್ ಆಯಿತು. ಇದೇ ಕಥೆ ಹಿಂದೆಯೂ ನಡೆದಿತ್ತು: ಅಮಿಲ್ಕಾರ್‌ನಂತೆ ಕಂಡು ಜರ್ಮನ್ ಪ್ಲೇಟು ಇದ್ದರೆ ಪ್ಲೂಟೋ, ಆಸ್ಟ್ರಿಯಾದ್ದಾದರೆ ಗ್ರೋಫ್ರಿ ಆಗಿರಬಹುದು. ಎರಡೂ ಲೈಸೆನ್ಸಿನ ಅಮಿಲ್ಕಾರ್‌ಗಳೇ.

## ಪಳಗಿದ ಕಣ್ಣಿಗೆ

ಹನಿಯಾಕಾರದ, ಚಕ್ರ ಮುಚ್ಚಿದ ಸುಂದರ ಕಾರು. ದೆಲಾಯೆ, ತಾಲ್ಬೋ, ದೆಲಾಜ್ ಎಂದು ಮೂವರು ಮೂರು ಹೇಳಿದರು.

ಮೂವರೂ ನೋಡಿದ್ದು ಬಾಡಿಯನ್ನು. ನಮ್ಮಲ್ಲಿ ಲಾರಿಯ ಚಾಸಿ ಕಂಪನಿಯಿಂದ ಬರುತ್ತದೆ, ಬಾಡಿ ಕಟ್ಟಿಸುವುದು ಬೇರೆ ಕಡೆ. ಆಗಿನ ಫ್ರಾನ್ಸಿನ ದುಬಾರಿ ಕಾರುಗಳೂ ಹಾಗೇ. ಫಿಗೋನಿ ಎ ಫಲಾಸ್ಕಿ, ಸೌಚಿಕ್, ಶಾಪ್ರೋಂ, ಪೂರ್ತೂ ಮುಂತಾದವರು ಬೇರೆ ಬೇರೆ ಕಂಪನಿಗಳ ಚಾಸಿಯ ಮೇಲೆ ತಮ್ಮದೇ ಶೈಲಿಯ ಬಾಡಿ ಕಟ್ಟುತ್ತಿದ್ದರು. 1936ರ ಪ್ಯಾರಿಸ್ ಪ್ರದರ್ಶನದಲ್ಲಿ ಫಿಗೋನಿ ನಾಲ್ಕೂ ಚಕ್ರ ಮುಚ್ಚಿದ ದೆಲಾಯೆ 135 ನಿಲ್ಲಿಸಿದರು. ಮರುವರ್ಷ ಅದೇ ಕೈಯಿಂದ ತಾಲ್ಬೋ-ಲಾಗೋದ ನೀರಹನಿ ಕೂಪೆ ಬಂತು. ದೆಲಾಜ್ 1935ರಲ್ಲಿ ದೆಲಾಯೆ ಕೈಸೇರಿತ್ತು, ಹಾಗಾಗಿ ಆ ಎರಡರ ಚಾಸಿಯೇ ನೆಂಟಸ್ತಿಕೆಯದು. ಉತ್ತರ ಎರಡು ಭಾಗದಲ್ಲಿ ಬರೆಯಿರಿ: ಚಾಸಿ ಯಾರದು, ಬಾಡಿ ಯಾರದು. ಮೊದಲನೆಯದಕ್ಕೆ ಮುಂದಿನ ಜಾಲರಿ, ಎರಡನೆಯದಕ್ಕೆ ಬಾಗಿಲ ಕೆಳಗಿನ ಪುಟ್ಟ ಫಲಕ.

ದೇಶವನ್ನೂ ದಾಟಬಹುದು ಇದು. ಜಾರ್ಜ್ ಪೋಲಾಂ ಎಂಬ ದಂತವೈದ್ಯರು ಗಾಳಿಯನ್ನು ಸೀಳುವ ಆಕಾರಗಳನ್ನು ಬಿಡಿಸುತ್ತಿದ್ದರು, ಪೂರ್ತೂ ಅದನ್ನು ತಗಡಿನಲ್ಲಿ ಕಟ್ಟುತ್ತಿದ್ದರು. ಅವರಿಬ್ಬರ 1938ರ ಒಂದು ಕೂಪೆ ನೋಡಿದ ಯಾರಾದರೂ ಅಪ್ಪಟ ಫ್ರೆಂಚ್ ಎನ್ನುತ್ತಾರೆ. ಚಾಸಿ ಇಂಗ್ಲೆಂಡಿನ ಬೆಂಟ್ಲಿ. ನಾಜಿ ಆಕ್ರಮಣದ ಕಾಲದಲ್ಲಿ ಪ್ರತಿರೋಧ ಚಳವಳಿಗೆ ಕೆಲಸ ಮಾಡಿದ ಪೋಲಾಂ ಅವರನ್ನು 1942ರ ಮಾರ್ಚ್‌ನಲ್ಲಿ ಗುಂಡಿಕ್ಕಿ ಕೊಂದರು. ಅವರ ಗೆರೆ ಫೋಟೋದಲ್ಲಿ ಕಂಡಾಗಲೆಲ್ಲ ಹೆಸರನ್ನು ಪೂರ್ತಿ ಬರೆಯುತ್ತೇನೆ.

1951ರ ಫೋರ್ಡ್ ಕೊಮೆತ್‌ಗೂ ಸಿಮ್ಕಾ ಸ್ಪೋರ್ಟಿಗೂ ಯಾಕಷ್ಟು ಹೋಲಿಕೆ?

ಎರಡರ ಬಾಡಿಯನ್ನೂ ಫಾಸೆಲ್ ಕಟ್ಟಿತು. ಅದೇ ಫಾಸೆಲ್ 1954ರಿಂದ ತನ್ನದೇ ಹೆಸರಿನಲ್ಲಿ ಫಾಸೆಲ್ ವೇಗಾ ತಂದಿತು, ಎಂಜಿನ್ ಅಮೆರಿಕದ ಕ್ರೈಸ್ಲರ್. ಬಿಲ್ಲೆಯಲ್ಲಿ ಕವಲುತೋಕೆ ಹಕ್ಕಿ ಇದ್ದರೆ ಸಿಮ್ಕಾ.

ಈಗಿನ ಬಣ್ಣದ ಫೋಟೋದಲ್ಲಿ ಎಲ್ಲವೂ ಸರಿಯಾಗಿದೆ. ಅಸಲಿ ಎನ್ನಬಹುದೇ?

ಫೋಟೋ ನೋಡಿ ಮಾದರಿ ಹೇಳಬಹುದು, ಅಸಲಿ ಎನ್ನಲಾಗದು. ಸಾಧಾರಣ ನಾಲ್ಕು ಸೀಟಿನ ಕಾರಿನ ಚಾಸಿ ಮೊಟಕು ಮಾಡಿ, ಚೂಪು ಬಾಲದ ಹೊಸ ಬಾಡಿ ಕೂರಿಸಿದ ಗ್ರಾನ್ ಸ್ಪೋರ್‌ಗಳಿವೆ. ಚಾಸಿ ನಂಬರು, ಎಂಜಿನ್ ನಂಬರು, ಹಳೆಯ ನೋಂದಣಿ ಕಾಗದ ಇಲ್ಲದೆ ಯಾರಿಗೂ ಬೆಲೆ ಕಟ್ಟಿಕೊಡಬೇಡಿ. ಹೋಲಿಸಲು ನಂಬಿಕಸ್ಥ ಕಾರು ಬೇಕಿದ್ದರೆ ಮುಲೂಸ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಶ್ಲುಂಫ್ ಸಹೋದರರು ಕೂಡಿಟ್ಟ ನೂರಾರು ಕಾರುಗಳಿವೆ. ಯೂರೋಪಿನಲ್ಲಿರುವ ಕನ್ನಡಿಗರು ಒಮ್ಮೆ ಹೋಗಿ ಬನ್ನಿ; ಆಕ್ಸಲ್‌ಗಳ ಫೋಟೋ ತೆಗೆಯಲು ಮರೆಯಬೇಡಿ.

ಇದು ಎಐ ಮಾಡಿದ ಚಿತ್ರವೇನೋ ಎಂಬ ಅನುಮಾನ. ಹೇಗೆ ತಿಳಿಯುವುದು?

ಯಂತ್ರವನ್ನು ಯಂತ್ರದಂತೆ ನೋಡಿ. ಬ್ರೇಕಿನ ಕೇಬಲ್ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ? ಸ್ಟೀರಿಂಗ್ ಕೋಲು ಚಕ್ರ ತಲುಪುವ ದಾರಿ ಇದೆಯೇ? ಹ್ಯಾಂಡಲ್ ಹಾಕಿ ತಿರುಗಿಸುವ ತೂತು ಎಂಜಿನ್ನಿನ ನೇರಕ್ಕಿದೆಯೇ? ಎಡ ಬಲ ಚಕ್ರಗಳ ಕಡ್ಡಿ ಹೆಣೆದ ರೀತಿ ಒಂದೇ ಇದೆಯೇ? ನಿಜವಾದ ಕಾರಿನಲ್ಲಿ ಪ್ರತಿ ಸರಳಿಗೂ ಒಂದು ಕೆಲಸವಿರುತ್ತದೆ. ಕೆಲಸವಿಲ್ಲದ ಸರಳು, ಯಾವ ಭಾಷೆಯದೂ ಅಲ್ಲದ ಬಿಲ್ಲೆ ಅಕ್ಷರ ಕಂಡರೆ ಆ ಚಿತ್ರ ಬಿಟ್ಟುಬಿಡಿ.

ಎಲ್ಲ ನೋಡಿದರೂ ಹೆಸರು ಸಿಗದಿದ್ದರೆ ಏನೆಂದು ಬರೆದಿಡಲಿ?

ಕಂಡದ್ದನ್ನು ಬರೆಯಿರಿ. "ಸೈಕಲ್‌ಕಾರ್, ಮುಂದಿನ ಬ್ರೇಕ್ ಇಲ್ಲ, ರೇಡಿಯೇಟರ್ ಆಕ್ಸಲ್ ಹಿಂದೆ, ಪ್ಯಾರಿಸ್ ಪ್ಲೇಟು, 1928ಕ್ಕೆ ಮುಂಚೆ. ಅಮಿಲ್ಕಾರ್ ಅಲ್ಲ, ಸಾಲ್ಮಸನ್ ಅಲ್ಲ." ಇಷ್ಟು ಬರೆದರೆ ಮುಂದೆ ನೋಡುವವರಿಗೆ ಅರ್ಧ ಕೆಲಸ ಮಾಡಿಕೊಟ್ಟಂತೆ. ಊಹೆಯ ಹೆಸರು ಬರೆಯುವುದಾದರೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ, ಅದೂ ಪೆನ್ಸಿಲಿನಲ್ಲಿ, ಫೋಟೋದ ಹಿಂಬದಿಯ ಅಂಚಿನಲ್ಲಿ.